ಕಾರವಾರದ ಮಳೆಗೆ ಸೈಕಲ್ ಮಡ್‌ಗಾರ್ಡ್: ನಾನು ಹಾಕಿಕೊಂಡ ಬಗೆ

ಕಾರವಾರದಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಆ ದಿನಗಳಲ್ಲೂ ನಾನು ಕೋಡಿಬಾಗದಿಂದ ಕಾಳಿ ಸೇತುವೆ ದಾಟಿ ಸದಾಶಿವಗಡಕ್ಕೆ ಸೈಕಲ್ಲಿನಲ್ಲೇ ಹೋಗುತ್ತೇನೆ. ಮೇಲಿಂದ ಬೀಳುವ ನೀರಿಗೆ ರೇನ್‌ಕೋಟ್ ಸಾಕು. ಚಕ್ರ ಎರಚುವ ಕೆಂಪು ರಾಡಿಗೆ ಮಡ್‌ಗಾರ್ಡೇ ಬೇಕು.

ಸೀಟಿನ ಕೆಳಗೆ ಸಿಕ್ಕಿಸುವ ತುಂಡು ಪ್ಲಾಸ್ಟಿಕ್ ಬೆನ್ನನ್ನಷ್ಟೇ ಕಾಯುತ್ತದೆ. ಹಾಗಾಗಿ ಚಕ್ರವನ್ನು ಸುತ್ತುವ ಪೂರ್ತಿ ಮಡ್‌ಗಾರ್ಡ್ ತೆಗೆದುಕೊಂಡೆ. ನನ್ನ ಟೈರಿನ ಮೇಲೆ 700×35 ಎಂದಿದೆ, ಅಂದರೆ ಅಗಲ 35 ಮಿಲಿಮೀಟರ್. ಮಡ್‌ಗಾರ್ಡ್ ಅದಕ್ಕಿಂತ 8-10 ಮಿಲಿಮೀಟರ್ ಅಗಲ ಇರಬೇಕು, ಆದ್ದರಿಂದ 45ರದ್ದು ಆರಿಸಿದೆ. ತಗಡಿನದು ಬೇಡವೆಂದೆ. ಇಲ್ಲಿನ ಉಪ್ಪುಗಾಳಿಗೆ ಬೋಲ್ಟಿನ ತೂತಿನಿಂದಲೇ ತುಕ್ಕು ಶುರುವಾಗುತ್ತದೆ. ಪ್ಲಾಸ್ಟಿಕ್ಕಿನದು ಹಾಕಿ, ಬೋಲ್ಟ್ ಮಾತ್ರ ಸ್ಟೇನ್‌ಲೆಸ್ ಸ್ಟೀಲಿನವು ತಂದೆ. ಫ್ರೇಮಿನ ತೂತುಗಳಿಗೆ ಎಂ5 (5 ಮಿಲಿಮೀಟರ್ ದಪ್ಪದ) ಬೋಲ್ಟ್ ಕೂರುತ್ತದೆ, 4 ಮಿಲಿಮೀಟರ್ ಅಲೆನ್ ಕೀ ಸಾಕು. ಎಳೆಗೆ ಗ್ರೀಸ್ ಹಚ್ಚಿದೆ, ಇಲ್ಲದಿದ್ದರೆ ಮುಂದಿನ ವರ್ಷ ಬಿಚ್ಚೋದು ಕಷ್ಟ.

ಮೊದಲು ಎಲ್ಲ ಬೋಲ್ಟ್‌ಗಳನ್ನೂ ಬೆರಳಲ್ಲೇ ತಿರುಗಿಸಿ ಸಡಿಲವಾಗಿ ಬಿಟ್ಟೆ. ಆಮೇಲೆ ಚಕ್ರ ತಿರುಗಿಸುತ್ತಾ ಪಕ್ಕದಿಂದ ನೋಡಿದೆ. ಟೈರಿಗೂ ಮಡ್‌ಗಾರ್ಡಿಗೂ ನಡುವೆ ಸುತ್ತಲೂ ಒಂದೇ ಅಂತರ ಬರಬೇಕು. ನಾನು ಸುಮಾರು 15 ಮಿಲಿಮೀಟರ್ ಬಿಟ್ಟಿದ್ದೇನೆ. ಅಂತರ ತೀರಾ ಕಡಿಮೆಯಾದರೆ ಕೆಮ್ಮಣ್ಣು ಒಳಗೆ ಮೆತ್ತಿಕೊಂಡು ಚಕ್ರವನ್ನೇ ಹಿಡಿಯುತ್ತದೆ. ಸರಿ ಕೂತ ಮೇಲೆ ಬಿಗಿಮಾಡಿ, ಮಡ್‌ಗಾರ್ಡನ್ನು ಫ್ರೇಮಿಗೆ ಹಿಡಿದಿಡುವ ಆಧಾರ ಕಡ್ಡಿಗಳಲ್ಲಿ ಉದ್ದ ಉಳಿದದ್ದನ್ನು ಹ್ಯಾಕ್ಸಾದಿಂದ ಕತ್ತರಿಸಿ, ತುದಿಗೆ ರಬ್ಬರ್ ಟೋಪಿ ಹಾಕಿದೆ. ಪೆಡಲ್ ಮುಂದೆ ತಂದು ಹ್ಯಾಂಡಲ್ ತಿರುಗಿಸಿಯೂ ನೋಡಿ. ಚಪ್ಪಲಿಯ ತುದಿ ಮುಂದಿನ ಮಡ್‌ಗಾರ್ಡಿಗೆ ತಾಗಿದರೆ ನಿಧಾನವಾಗಿ ತಿರುಗುವಾಗ ಬೀಳುವ ಭಯವಿದೆ.

ಇಷ್ಟೆಲ್ಲ ಮಾಡಿದರೂ ಫ್ಲಾಪ್, ಅಂದರೆ ಮಡ್‌ಗಾರ್ಡಿನ ಕೆಳತುದಿಗೆ ತೂಗುವ ರಬ್ಬರ್ ತುಂಡು, ಇಲ್ಲದಿದ್ದರೆ ಕೆಲಸ ಅರ್ಧವೇ. ಮುಂದಿನ ಚಕ್ರದ ಹಿಂಭಾಗದಲ್ಲಿ, ನೆಲದ ಹತ್ತಿರದಿಂದ ಹಾರುವ ನೀರು ನೇರವಾಗಿ ಪಾದಕ್ಕೂ ಚೈನಿಗೂ ಬಡಿಯುತ್ತದೆ. ಅಂಗಡಿಯಲ್ಲಿ ಸಿಗುವ ಮಡ್‌ಗಾರ್ಡ್ ಅಷ್ಟು ಕೆಳಗೆ ಬರುವುದೇ ಇಲ್ಲ. ಪಂಕ್ಚರ್ ಅಂಗಡಿಯವರಲ್ಲಿ ಲಾರಿಯ ಹಳೆ ಟ್ಯೂಬಿನ ತುಂಡು ಕೇಳಿ ತಂದೆ. ದಪ್ಪ ರಬ್ಬರ್ ಅದು, ಗಾಳಿಗೆ ಮಡಚುವುದಿಲ್ಲ. ಮೇಲೆ ಮಡ್‌ಗಾರ್ಡಿನಷ್ಟು, ಕೆಳಗೆ ಅದಕ್ಕಿಂತ ಅಗಲವಾಗಿ ಕತ್ತರಿಸಿ, ಎರಡು ಚಿಕ್ಕ ಬೋಲ್ಟ್ ಹಾಕಿದೆ. ಬೋಲ್ಟಿನ ಚಪ್ಪಟೆ ತಲೆ ಟೈರಿನ ಕಡೆಗೆ, ನಟ್ ಹೊರಗೆ ಇರಬೇಕು. ದೊಡ್ಡ ವಾಷರ್ ಇಲ್ಲದಿದ್ದರೆ ರಬ್ಬರ್ ಹರಿಯುತ್ತದೆ. ತುದಿ ನೆಲದಿಂದ ನಾಲ್ಕು ಬೆರಳು ಮೇಲಿದ್ದರೆ ಸರಿ, ಇನ್ನೂ ಕೆಳಗಿಳಿಸಿದರೆ ರೋಡ್ ಹಂಪ್‌ಗೆ ಉಜ್ಜುತ್ತದೆ. ಈಗ ಮನೆ ಸೇರುವಾಗ ಕಾಲಿನ ಮೇಲೆ ರಾಡಿ ಇರುವುದಿಲ್ಲ, ಚೈನಿನ ಎಣ್ಣೆಯೂ ಬೇಗ ತೊಳೆದುಹೋಗುವುದಿಲ್ಲ. ಹಿಂದಿನ ಫ್ಲಾಪ್ ನಮಗಲ್ಲ, ಹಿಂದೆ ಬರುವವರ ಮುಖಕ್ಕೆ. ಜೊತೆಯಲ್ಲಿ ಸವಾರಿ ಮಾಡುವವರು ಅದನ್ನೂ ಹಾಕಿಕೊಳ್ಳಲೇಬೇಕು, ಅಲ್ವಾ?

ಕಡಲದಂಡೆಯ ಪಕ್ಕ ಗಾಳಿಮರದ ಕಡ್ಡಿಗಳು ರಸ್ತೆಗೆ ಬಿದ್ದಿರುತ್ತವೆ. ಒಂದು ಕಡ್ಡಿ ಮುಂದಿನ ಚಕ್ರದ ಜೊತೆ ಮಡ್‌ಗಾರ್ಡಿನ ಒಳಗೆ ಹೊಕ್ಕರೆ ಚಕ್ರ ಅಲ್ಲೇ ಕಚ್ಚಿಕೊಳ್ಳುತ್ತದೆ. ಅದಕ್ಕೇ ಮುಂದಿನದಕ್ಕೆ, ಜೋರಾಗಿ ಎಳೆದರೆ ತಾನೇ ಬಿಟ್ಟುಕೊಳ್ಳುವ ಕ್ಲಿಪ್ಪಿನ ಆಧಾರ ಕಡ್ಡಿ ಇರುವ ಸೆಟ್ಟನ್ನೇ ಕೊಳ್ಳಿ. ದುಡ್ಡು ಸ್ವಲ್ಪ ಜಾಸ್ತಿಯಾದರೂ ಇದರಲ್ಲಿ ಉಳಿತಾಯ ಬೇಡ.