ಕೆರಿಬಿಯನ್ ಕ್ರೂಸಲ್ಲಿ ದ್ವೀಪಕ್ಕೆ ಇಳಿದಾಗ ಯಾವ ಟೂರ್ ತಗೋಬೇಕು?

ಬೇಸಿಗೆ ಬಂತು ಅಂದ್ರೆ ಬೆಂಗಳೂರಿಂದ ಎಷ್ಟೋ ಅಪ್ಪ-ಅಮ್ಮಂದಿರು ಅಮೆರಿಕಾದಲ್ಲಿರೋ ಮಕ್ಕಳ ಮನೆಗೆ ಹೊರಡ್ತಾರೆ, ಅಲ್ಲಿ ಮಕ್ಕಳು ಮಯಾಮಿಯಿಂದ ಒಂದು ವಾರದ ಕೆರಿಬಿಯನ್ ಕ್ರೂಸ್ ಬುಕ್ ಮಾಡಿಬಿಡ್ತಾರೆ, ಆಮೇಲೆ ಫ್ಯಾಮಿಲಿ ವಾಟ್ಸಾಪ್ ಗ್ರೂಪಲ್ಲಿ ಶುರು, ಯಾವ ದ್ವೀಪದಲ್ಲಿ ಏನ್ ನೋಡೋದು ಅಂತ. ಒಂದೊಂದು ಪೋರ್ಟಿಗೂ ರಾಶಿ ಟೂರ್ ಇರತ್ತೆ, ಫೋಟೋದಲ್ಲಿ ಎಲ್ಲಾನೂ ಚೆನ್ನಾಗೇ ಕಾಣತ್ತೆ. ನಾನು ಹೇಳೋದು ಇಷ್ಟೇ, ಫೋಟೋ ಪಕ್ಕಕ್ಕಿಟ್ಟು ಮೊದ್ಲು ಗಂಟೆ ಲೆಕ್ಕ ಹಾಕಿ.

ಶಿಪ್ ಬೆಳಗ್ಗೆ 8ಕ್ಕೆ ಬಂದು ಸಂಜೆ 5ಕ್ಕೆ ಹೊರಡತ್ತೆ ಅಂದ್ರೆ ನಿಮಗೆ 9 ಗಂಟೆ ಸಿಗಲ್ಲ. ಇಳಿಯೋಕೆ ಕ್ಯೂ ಇರತ್ತೆ, ವಾಪಸ್ ಬರುವಾಗ ಹೊರಡೋ ಟೈಮಿಗಿಂತ ಅರ್ಧ ಗಂಟೆ ಮುಂಚೆ, ಕೆಲವು ಸಲ ಒಂದು ಗಂಟೆ ಮುಂಚೆನೇ ಎಲ್ಲರೂ ಒಳಗಿರ್ಬೇಕು. ಜಯನಗರದಿಂದ ಏರ್‌ಪೋರ್ಟಿಗೆ ಹೊರಡುವಾಗ ಹೆಬ್ಬಾಳ ಜಾಮ್ ಎಲ್ಲಾ ಸೇರಿಸಿ ಹಿಂದಿಂದ ಲೆಕ್ಕ ಹಾಕ್ತೀವಲ್ಲ, ಹಂಗೇ ಇಲ್ಲೂ ಹಾಕ್ಬೇಕು.

ಕೊಝುಮೆಲ್ ನೋಡಿ, ಮೆಕ್ಸಿಕೋದ ದ್ವೀಪ ಅದು. ಅಲ್ಲಿಂದ ಚಿಚೆನ್ ಇಟ್ಜಾಗೆ, ಅಂದ್ರೆ ಪ್ರಾಚೀನ ಮಾಯನ್ ಜನ ಕಟ್ಟಿದ ದೇವಸ್ಥಾನಗಳಿರೋ ಜಾಗಕ್ಕೆ, ಹೋಗ್ಬೇಕು ಅಂದ್ರೆ ಮೊದ್ಲು ಫೆರ್ರಿ ಹತ್ತಿ ಪ್ಲಾಯಾ ಡೆಲ್ ಕಾರ್ಮೆನ್, ಅಲ್ಲಿಂದ ಬಸ್ಸಲ್ಲಿ ಎರಡು ಗಂಟೆ ಮೇಲೆ, ವಾಪಸ್ ಬರೋಕೂ ಅಷ್ಟೇ, ಹೆಚ್ಚುಕಮ್ಮಿ ಇಡೀ ದಿನ ಸೀಟಲ್ಲೇ ಕಳೀತೀರ, ದೇವಸ್ಥಾನದ ಮುಂದೆ ನಿಲ್ಲೋದು ಸ್ವಲ್ಪ ಹೊತ್ತು ಮಾತ್ರ. ಮಾಯನ್ ಜಾಗ ನೋಡ್ಲೇಬೇಕು ಅಂತಿದ್ರೆ ತುಲುಮ್ ಅದಕ್ಕಿಂತ ಹತ್ರ, ಇಲ್ಲಾಂದ್ರೆ ಕೊಝುಮೆಲ್ ಒಳಗೇ ಸ್ಯಾನ್ ಹರ್ವಾಸಿಯೋ ಇದೆ, ಇಶ್‌ಚೆಲ್ ದೇವತೆಗೆ ಹೆಂಗಸರು ಹರಕೆ ಹೊತ್ತು ಬರ್ತಿದ್ದ ಜಾಗ. ಚಿಕ್ಕದೇ, ಆದ್ರೆ ನೆಮ್ಮದಿಯಾಗಿ ನೋಡಿ ಬರ್ಬಹುದು, ವಯಸ್ಸಾದವರು ಜೊತೆಗಿದ್ರೆ ನಾನಂತೂ ಇದನ್ನೇ ಹೇಳ್ತೀನಿ.

ಇನ್ನು ಶಿಪ್‌ನವರ ಟೂರಾ, ಹೊರಗಿನವರದಾ? ಶಿಪ್‌ನವರದ್ದು ಸಾಮಾನ್ಯವಾಗಿ ದುಬಾರಿ, ಬಸ್ ತುಂಬಾ ಜನ ಇರ್ತಾರೆ, ಆದ್ರೆ ಅವರ ಟೂರ್ ಲೇಟಾದ್ರೆ ಶಿಪ್ ಕಾಯತ್ತೆ. ಹೊರಗಡೆ ಬುಕ್ ಮಾಡ್ಕೊಂಡು ಲೇಟಾದ್ರೆ ಕಾಯಲ್ಲ, ಮುಂದಿನ ಪೋರ್ಟಿಗೆ ನಿಮ್ಮ ದುಡ್ಡಲ್ಲೇ ಹೋಗಿ ಸೇರ್ಕೋಬೇಕು, ವೀಸಾ ತಲೆನೋವು ಬೇರೆ. ಅದಕ್ಕೆ ದೂರದ ಜಾಗ, ಫೆರ್ರಿ ಹತ್ತೋ ಜಾಗ ಆದ್ರೆ ಶಿಪ್‌ನವರ ಟೂರೇ ತಗೊಳ್ಳಿ. ಹತ್ರದ ಬೀಚು, ಟ್ಯಾಕ್ಸಿಲಿ ಹೋಗಿ ಬರೋ ಜಾಗಕ್ಕೆ ಅದು ಬೇಕಿಲ್ಲ. ಸೇಂಟ್ ಥಾಮಸ್‌ನಲ್ಲಿ ಟ್ಯಾಕ್ಸಿ ರೇಟ್ ಸರ್ಕಾರನೇ ಫಿಕ್ಸ್ ಮಾಡಿದೆ, ತಲೆಗಿಷ್ಟು ಅಂತ, ಆರಾಮಾಗಿ ಮೇಗನ್ಸ್ ಬೇ ಬೀಚಿಗೆ ಹೋಗಿ ಬನ್ನಿ. ಪೋರ್ಟೊ ರಿಕೋದ ಓಲ್ಡ್ ಸ್ಯಾನ್ ವಾನ್‌ನಲ್ಲಿ ಶಿಪ್ ನಿಂತ್ರೆ ಟೂರೇ ಬೇಡ, ನಡ್ಕೊಂಡೇ ಎಲ್ ಮೊರ್ರೋ ಕೋಟೆ ತನಕ ಹೋಗ್ಬಹುದು, ಕಲ್ಲು ಹಾಸಿದ ಬೀದಿ, ಸಮುದ್ರದ ಗಾಳಿ, ತುಂಬಾ ಚೆನ್ನಾಗಿದೆ.

ಟೈಮ್ ವಿಷಯ ದಯವಿಟ್ಟು ಗಮನ ಇಟ್ಟು ಓದಿ. ಬೇಸಿಗೆಯಲ್ಲಿ ಕೊಝುಮೆಲ್, ಜಮೈಕಾ ಎರಡೂ ಮಯಾಮಿಗಿಂತ ಒಂದು ಗಂಟೆ ಹಿಂದೆ. ಶಿಪ್ ಮಯಾಮಿ ಟೈಮಲ್ಲೇ ಇದ್ದು ನಿಮ್ಮ ಫೋನ್ ತಾನಾಗೇ ಲೋಕಲ್ ಟೈಮಿಗೆ ಬದಲಾದ್ರೆ ನೀವು ಮೂರೂವರೆ ಅನ್ಕೊಂಡಿರ್ತೀರ, ಶಿಪ್‌ನಲ್ಲಿ ನಾಲ್ಕೂವರೆ ಆಗಿರತ್ತೆ! ಇಳಿಯೋ ಮುಂಚೆ ಶಿಪ್ ಟೈಮ್ ಕೇಳ್ಕೊಂಡು ಕೈಗಡಿಯಾರಕ್ಕೆ ಇಟ್ಕೊಳ್ಳಿ.

ಆಮೇಲೆ ನಿಮ್ಮ ಜೊತೆ ಯಾರಿದಾರೆ ಅನ್ನೋದು. ಜಮೈಕಾದ ಡನ್ಸ್ ರಿವರ್ ಫಾಲ್ಸ್ ಹತ್ತೋದು ಮಜಾ, ಆದ್ರೆ ಜಾರೋ ಬಂಡೆ, ಹರಿಯೋ ನೀರು, ಮಂಡಿ ನೋವಿರೋರಿಗೆ ಆಗಲ್ಲ, ಅವರು ಪಕ್ಕದ ಮೆಟ್ಟಿಲಿಂದ ನೋಡ್ಬಹುದು. ಈಜು ಬರದೇ ಇರೋರಿಗೆ ಗ್ರ್ಯಾಂಡ್ ಕೇಮನ್‌ನ ಸ್ಟಿಂಗ್‌ರೇ ಸಿಟಿ ಒಳ್ಳೇದು, ಮರಳ ದಿಬ್ಬದ ಮೇಲೆ ಸುಮಾರು ಸೊಂಟದ ಮಟ್ಟದ ನೀರಲ್ಲಿ ನಿಂತು ಸ್ಟಿಂಗ್‌ರೇ ಅನ್ನೋ ಚಪ್ಪಟೆ ಮೀನು ನೋಡ್ಬಹುದು. ಆದ್ರೆ ಅಲ್ಲಿ ಶಿಪ್ ದಡಕ್ಕೆ ಬರಲ್ಲ, ಟೆಂಡರ್ ಅನ್ನೋ ಸಣ್ಣ ಬೋಟಲ್ಲಿ ಕರ್ಕೊಂಡು ಹೋಗ್ತಾರೆ, ಅದಕ್ಕೂ ಟೈಮ್ ಇಟ್ಕೊಳ್ಳಿ, ಅಲೆ ಜಾಸ್ತಿ ಇದ್ರೆ ಇಳಿಸೋದೇ ಇಲ್ಲ. ಹೊರಗೆ ಬುಕ್ ಮಾಡೋದಾದ್ರೆ ಹಂಗೆ ಆದಾಗ ದುಡ್ಡು ವಾಪಸ್ ಕೊಡ್ತಾರಾ ಅಂತ ಮೊದ್ಲೇ ಕೇಳಿ.

ಟೂರ್ ಊಟದಲ್ಲಿ ವೆಜ್ ಇದ್ದೇ ಇರತ್ತೆ ಅಂತ ನಂಬ್ಕೋಬೇಡಿ, ಪ್ಯಾಕೆಟ್ ತಿಂಡಿ ಇಟ್ಕೊಳ್ಳಿ, ಶಿಪ್ಪಿಂದ ಹಣ್ಣು ಮಾತ್ರ ಕೆಳಗೆ ತರಬೇಡಿ, ಬಿಡಲ್ಲ. ಮಿಲಿಟರಿ ಡಿಸೈನ್ ಪ್ಯಾಂಟು, ಟೋಪಿ ಬೆಂಗಳೂರಲ್ಲೇ ಬಿಟ್ಟು ಹೋಗಿ, ಜಮೈಕಾ, ಬಾರ್ಬಡೋಸ್, ಸೇಂಟ್ ಲೂಸಿಯಾದಲ್ಲಿ ಸಾಮಾನ್ಯ ಜನ ಅದನ್ನ ಹಾಕೋದು ಕಾನೂನಿಗೆ ವಿರುದ್ಧ, ಮಕ್ಕಳಿಗೂ ಬೇಡ.