ಮಗ್ ಮೇಲೆ ಚಿತ್ರ ಚೊಕ್ಕಟವಾಗಿ ಮೂಡಬೇಕೆ?

ಬಳ್ಳಾರಿಯ ಕೌಲ್‌ಬಜಾರಿನ ಮನೆಯೊಂದರ ತೊಟ್ಟಿಲು ಕಾರ್ಯಕ್ರಮಕ್ಕೆ ಕೂಸಿನ ಫೋಟೊ ಇರುವ ಹನ್ನೆರಡು ಮಗ್ ಮಾಡಿಕೊಟ್ಟಿದ್ದೆ. ಒಂದರಲ್ಲಿ ಕೂಸಿನ ಗಲ್ಲದ ಮೇಲೆ ಸಾಸಿವೆಯಷ್ಟು ನೀಲಿ ಚುಕ್ಕೆ. ‘ಇರ್ಲಿ ಬಿಡಣ್ಣ, ದೃಷ್ಟಿಬೊಟ್ಟು ಅನ್ಕೊಂತೀವಿ’ ಎಂದರು ತಾಯಿ. ನನಗೆ ಮನಸ್ಸೊಪ್ಪದೆ ಬೇರೆ ಮಾಡಿಕೊಟ್ಟೆ. ಪ್ರಿಂಟರ್ ಕೆಟ್ಟಿದೆಯೆಂದು ಎರಡು ದಿನ ಹೆಡ್ ಕ್ಲೀನಿಂಗ್ (ಇಂಕು ಬರುವ ತೂತುಗಳ ಶುಚಿ) ಮಾಡಿ ಇಂಕು ಸುರಿದೆ. ಕೊನೆಗೆ ನೋಡಿದರೆ ಅದು ಜೀನ್ಸ್ ಎಳೆ! ಪಕ್ಕದ ಸಂದಿಯಲ್ಲೇ ಪ್ಯಾಂಟ್ ಹೊಲಿಯುತ್ತಾರೆ. ಗಾಳಿಗೆ ತೇಲಿ ಬಂದ ಎಳೆ ಮಗ್‌ಗೂ ಕಾಗದಕ್ಕೂ ನಡುವೆ ಸಿಕ್ಕಿ ಬಿಸಿಗೆ ಕಲೆ ಬಿಟ್ಟಿತ್ತು.

ಕಾಗದದ ಮೇಲೆ ಪ್ರಿಂಟ್ ತೆಗೆದ ಚಿತ್ರವನ್ನು ಬಿಸಿ ಒತ್ತಿ ಮಗ್‌ಗೆ ಇಳಿಸುವುದೇ ಸಬ್ಲಿಮೇಷನ್. ಈ ಕೆಲಸಕ್ಕೆ ಹೊಸದಾಗಿ ಇಳಿದವರು ಏನೇ ಕೆಟ್ಟರೂ ಮೊದಲು ಪ್ರಿಂಟರನ್ನೇ ದೂರುತ್ತಾರೆ. ನಾನು ಕಂಡಂತೆ, ಹೆಚ್ಚಿನ ತಪ್ಪು ಆಗುವುದು ಕಾಗದ ಪ್ರಿಂಟರಿನಿಂದ ಹೊರಬಿದ್ದ ಮೇಲೆ.

ಈ ಇಂಕು 180ರಿಂದ 200 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಕರಗದೆ ನೇರ ಆವಿಯಾಗಿ, ಮಗ್ಗಿನ ಪಾಲಿಯೆಸ್ಟರ್ ಲೇಪನದೊಳಗೆ ಇಳಿಯುತ್ತದೆ. ಹಾಗಾಗಿ ಪಾತ್ರೆ ಅಂಗಡಿಯ ಸಾದಾ ಪಿಂಗಾಣಿ ಕಪ್ ನಡೆಯದು, ಕೋಟಿಂಗ್ ಮಗ್ಗೇ ಬೇಕು. ಬಿಳಿ ಇಂಕು ಎಂಬುದಿಲ್ಲ. ಚಿತ್ರದ ಬಿಳುಪೆಲ್ಲ ಮಗ್ಗಿನದೇ.

ಮೊದಲು ಫೋಟೊ. ವಾಟ್ಸ್‌ಆ್ಯಪ್‌ನಲ್ಲಿ ಸುಮ್ಮನೆ ಕಳಿಸಿದರೆ ಚಿತ್ರ ಕುಗ್ಗಿಬಿಡುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ ಎನ್ನಿ. ಸುತ್ತಲೂ ಬರುವ 20 ಸೆಂ.ಮೀ. ಚಿತ್ರಕ್ಕೆ ಸುಮಾರು 2,400 ಪಿಕ್ಸೆಲ್ ಅಗಲವಿದ್ದರೆ ಚೆನ್ನ. ಇಂಕಿನ ತೂತು ಕಟ್ಟಿಲ್ಲವೆಂದು ನೋಡಲು ನಾಝಲ್ ಚೆಕ್ ಮಾಡಿ, ಚಿತ್ರ ಎಡಬಲ ತಿರುಗಿ ಬರಲು ಮಿರರ್ ಒತ್ತಿ, ಇಂಕು ಕೊಟ್ಟವರಿಂದ ಅದರ ಐಸಿಸಿ ಪ್ರೊಫೈಲ್ (ಬಣ್ಣ ಹೊಂದಿಸುವ ಫೈಲ್) ಕೇಳಿ ಹಾಕಿಕೊಳ್ಳಿ. ಕಾಗದದ ಮೇಲೆ ಬಣ್ಣ ಮಂಕಾಗಿಯೇ ಕಾಣುತ್ತದೆ. ಹೆದರಿ ಬಣ್ಣ ಏರಿಸಬೇಡಿ, ಬಿಸಿ ತಗುಲಿದ ಮೇಲೆ ಅದು ತಾನೇ ಅರಳುತ್ತದೆ.

ಕಾಗದಕ್ಕೆ ತೇವ ಆಗದು. ಬೇಸಿಗೆಯಲ್ಲಿ ನಾವೆಲ್ಲ ಅಂಗಡಿಗೆ ನೀರಿನ ಕೂಲರ್ ಇಟ್ಟುಕೊಳ್ಳುತ್ತೇವಲ್ಲ, ಅದರೆದುರು ಕಟ್ಟು ಬಿಚ್ಚಿಟ್ಟರೆ ಕಾಗದ ತಂಪು ಹೀರಿಕೊಂಡು ಚಿತ್ರದಲ್ಲಿ ಮಚ್ಚೆ ಬೀಳುತ್ತದೆ, ಅಂಚು ಕದಡುತ್ತದೆ. ಗಾಳಿಯಾಡದ ಕವರಿನಲ್ಲಿಟ್ಟು ಬೇಕಾದಷ್ಟೇ ತೆಗೆಯಿರಿ. ಪ್ರಿಂಟ್ ತೆಗೆದ ಹಾಳೆ ಪೂರ್ತಿ ಒಣಗಲಿ.

ಮಗ್ಗನ್ನು ಹಳೇ ಬನಿಯನ್ ಬಟ್ಟೆಯಿಂದ ಒರೆಸಬೇಡಿ, ಅದೇ ಎಳೆ ಬಿಡುತ್ತದೆ. ಕನ್ನಡಕ ಒರೆಸುವಂಥ ನುಣುಪು ಬಟ್ಟೆ ಇರಲಿ. ಒರೆಸಿದ ಮೇಲೆ ಮಗ್ಗನ್ನು ಬೆಳಕಿಗೆ ಓರೆಯಾಗಿ ಹಿಡಿದು ಒಂದು ಸುತ್ತು ತಿರುಗಿಸಿ. ಧೂಳು, ಬೆರಳಿನ ಜಿಡ್ಡು ಎರಡೂ ಕಾಣುತ್ತವೆ. ಆಮೇಲೆ ಕಾಗದ ಸುತ್ತಿ ಹಿಡಿಯ ಎರಡೂ ಬದಿಗೆ ಬಿಸಿ ತಾಳುವ ಹೀಟ್ ಟೇಪ್ ಎಳೆದು ಅಂಟಿಸಿ. ಕಾಗದ ಸರಿದರೆ ಅಕ್ಷರದ ಪಕ್ಕ ನೆರಳು ಬೀಳುತ್ತದೆ.

ಇನ್ನು ಮಗ್ಗನ್ನು ಪ್ರೆಸ್‌ಗೆ, ಅಂದರೆ ಬಿಸಿ ಒತ್ತುವ ಯಂತ್ರಕ್ಕೆ ಹಾಕಿ. ನನ್ನ ಪ್ರೆಸ್‌ಗೆ 180 ಡಿಗ್ರಿ, 180 ಸೆಕೆಂಡ್ ಹೊಂದುತ್ತದೆ. ನಿಮ್ಮದಕ್ಕೆ ಬೇರೆ ಇರಬಹುದು. ಮಾರಿದವರು ಹೇಳಿದ ಲೆಕ್ಕದಿಂದ ಶುರು ಮಾಡಿ. ಕಪ್ಪು ಕಂದು ತಿರುಗಿದರೆ ಬಿಸಿ ಅತಿಯಾಗಿದೆ. ಇಡೀ ಚಿತ್ರ ಪೇಲವವಾದರೆ ಬಿಸಿಯೋ ಹೊತ್ತೋ ಸಾಲದು. ಹಿಡಿಯ ಬಳಿ ಅಥವಾ ಕಂಠದಲ್ಲಿ ಮಾತ್ರ ಮಾಸಿದ್ದರೆ ಅಲ್ಲಿ ಒತ್ತಡ ಕೂತಿಲ್ಲ, ಇಲ್ಲವೇ ಚಿತ್ರ ಹೀಟರಿನ ಅಂಚು ದಾಟಿದೆ. ಇವನ್ನು ಸರಿಪಡಿಸುವಾಗ ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಬಿಸಿ, ಹೊತ್ತು, ಒತ್ತಡ ಮೂರನ್ನೂ ಒಟ್ಟಿಗೆ ತಿರುವಿದರೆ ಸರಿಯಾದದ್ದು ಯಾವುದರಿಂದ ಎಂದು ಗೊತ್ತಾಗುವುದೇ ಇಲ್ಲ. ಸಂಜೆ ವೋಲ್ಟೇಜ್ ಇಳಿದಾಗ ಪ್ರೆಸ್ ನಿಧಾನ ಕಾಯುತ್ತದೆ, ಟೈಮರ್ ಮಾತ್ರ ಓಡುತ್ತಲೇ ಇರುತ್ತದೆ. ಅಂಥ ಹೊತ್ತಿನಲ್ಲಿ ಡಿಗ್ರಿಯ ಮೇಲೆ ಕಣ್ಣಿಡಿ.

ಟೈಮರ್ ಕೂಗಿದೊಡನೆ ಕೈಗವಸು ಹಾಕಿಕೊಂಡು ಕಾಗದವನ್ನು ಒಂದೇ ಎಳೆತಕ್ಕೆ ಬಿಚ್ಚಿ. ಬಿಸಿ ಮಗ್ ಮೇಲೆ ಹಾಗೇ ಬಿಟ್ಟರೆ ಆವಿ ಹರಡಿ ಚಿತ್ರ ಮಬ್ಬಾಗುತ್ತದೆ.

ಕೆಟ್ಟ ಮಗ್ಗನ್ನು ಬಿಸಾಡಬೇಡಿ. ಅದರ ಖಾಲಿ ಬದಿಯಲ್ಲಿ ಕೋಟಿಂಗ್ ಇನ್ನೂ ಇರುತ್ತದೆ. ಬಿಸಿ, ಹೊತ್ತು ಪರೀಕ್ಷಿಸಲು ಅಲ್ಲಿ ಪ್ರಿಂಟ್ ತೆಗೆದ ಬೆರಳಗಲದ ಬಣ್ಣದ ಪಟ್ಟಿ ಅಂಟಿಸಿ, ಹಳೇ ಚಿತ್ರದ ಮೇಲೆ ಬಿಳಿ ಹಾಳೆ ಸುತ್ತಿ ಒತ್ತಿ. ಡಿಗ್ರಿ, ಸೆಕೆಂಡ್ ಎರಡನ್ನೂ ಮಾರ್ಕರಿನಲ್ಲಿ ತಳಕ್ಕೆ ಬರೆದಿಡಿ.