ಟ್ರೇಲರ್ ಓಲಾಡುತ್ತಿತ್ತು, ಹೀಗೆ ಸರಿಹೋಯಿತು

ಡಲ್ಲಾಸ್‌ನಿಂದ ಆಸ್ಟಿನ್‌ಗೆ ಮನೆ ಸಾಮಾನು ಸಾಗಿಸುತ್ತಿದ್ದೆ. ವೇಗ 55 ಮೈಲಿ ದಾಟಿದ ಕೂಡಲೇ ಕಾರಿಗೆ ಕಟ್ಟಿದ್ದ ಪುಟ್ಟ ಟ್ರೇಲರ್ ಹಾವಿನ ಹಾಗೆ ಓಲಾಡತೊಡಗಿತು. ಕಾರನ್ನೂ ಎಳೆದಾಡಿತು. ಕೈ ನಡುಗಿತು. ಬ್ರೇಕ್ ಒತ್ತಲಿಲ್ಲ. ಆಕ್ಸಿಲರೇಟರ್‌ನಿಂದ ಕಾಲು ತೆಗೆದು ಸ್ಟೀರಿಂಗ್ ನೇರ ಹಿಡಿದೆ, ನಿಧಾನವಾಗಿ ಹತೋಟಿಗೆ ಬಂತು.

ಪೆಟ್ರೋಲ್ ಬಂಕ್‌ನಲ್ಲಿ ನಿಲ್ಲಿಸಿ ನೋಡಿದರೆ ತಪ್ಪು ನನ್ನದೇ. ಇಳಿಸೋಕೆ ಸುಲಭ ಅಂತ ವಾಷಿಂಗ್ ಮೆಷಿನ್, ಪುಸ್ತಕದ ಪೆಟ್ಟಿಗೆ ಎಲ್ಲಾ ಹಿಂಬಾಗಿಲ ಹತ್ತಿರ ಇಟ್ಟಿದ್ದೆ. ಹಿಂದೆ ಭಾರ ಜಾಸ್ತಿಯಾದರೆ ಮುಂದಿನ ಕೊಂಡಿ ಹಗುರವಾಗುತ್ತದೆ, ಟ್ರೇಲರ್ ತೂಗಾಡುತ್ತದೆ. ಸುಮಾರು 60% ಭಾರ ಚಕ್ರಗಳ ಅಚ್ಚಿಗಿಂತ ಮುಂದೆ ಬರುವಂತೆ ಮತ್ತೆ ಜೋಡಿಸಿ ಬೆಲ್ಟಿನಿಂದ ಬಿಗಿದೆ. ಒಟ್ಟು ತೂಕದಲ್ಲಿ 10ರಿಂದ 15% ಕೊಂಡಿಯ ಮೇಲೆ ಕೂರಬೇಕು.

ಟೈರ್ ಗಾಳಿಯೂ ಕಡಿಮೆ ಇತ್ತು, ತುಂಬಿಸಿದೆ. ಆಮೇಲೆ ಆಸ್ಟಿನ್‌ವರೆಗೂ ಒಮ್ಮೆಯೂ ಓಲಾಡಲಿಲ್ಲ.